ಸೇವ್ ಫೈಲಿನ ಜಂಬ

ಮೇದಿನಿ ಆಡುತ್ತಿದ್ದ ವೀಡಿಯೊ ಗೇಮಿನಲ್ಲಿ ಒಂದು ಹೊಳೆ, ಹೊಳೆ ದಾಟಿಸಲು ಒಬ್ಬ ಮುದಿ ಅಂಬಿಗ. ಅವನಿಗೆ ನೆರವಾಗಬಹುದಿತ್ತು, ಅವನ ದೋಣಿಗೆ ಬೆಂಕಿಯನ್ನೂ ಇಡಬಹುದಿತ್ತು. ಆ ಲೋಕದಲ್ಲಿ ಎಲ್ಲವೂ ಅವಳಿಷ್ಟ. ಬೇಕೆಂದಾಗ ಅಲ್ಲಿಗೇ ಮರಳಲು ಆಟವನ್ನು ಸೇವ್ ಮಾಡಿಕೊಂಡು, ಅವಳು ಬೆಂಕಿಯಿಟ್ಟಳು. ಅಂಬಿಗ ಚೀರಿದ. ಅವಳ ಅಂಗೈ ಬೆವರಿ, ಹಿಡಿದಿದ್ದ ಕಂಟ್ರೋಲರ್ ಒದ್ದೆಯಾಯಿತು.

"ಹೆದರಬೇಡ," ಎಂದು ಕಂಟ್ರೋಲರಿಗೆ ಹೇಳಿತು, ಆಟದ ಆ ಕ್ಷಣವನ್ನು ಕಾಪಿಟ್ಟುಕೊಂಡಿದ್ದ ಸೇವ್ ಫೈಲ್. "ನಾನಿರುವ ತನಕ ಇವಳಿಗೆ ಯಾವ ಪಾಪವೂ ಅಂಟುವುದಿಲ್ಲ."

ಹೇಳಿದಂತೆಯೇ ಆಟವನ್ನು ಹಿಂದಕ್ಕೆ ತಂದಿತು. ದೋಣಿ ದಡದಲ್ಲಿತ್ತು, ಅಂಬಿಗ ಬೀಡಿ ಸೇದುತ್ತಿದ್ದ. ಗುಡ್ಡದ ಮೇಲಿಂದ ಬೆಂಕಿ ಹೇಗೆ ಕಾಣುತ್ತದೋ ನೋಡೋಣವೆಂದು ಮೇದಿನಿ ಮತ್ತೆ ಹಚ್ಚಿದಳು, ಮತ್ತೆ ಹಿಂದಕ್ಕೆ ಬಂದಳು. ಐದನೆಯ ಸಲ ಚಕ್ಕುಲಿ ಕಡಿಯುತ್ತಲೇ ಹಚ್ಚಿದಳು.

ಸೇವ್ ಫೈಲ್ ಐದನೆಯ ಬಾರಿಯೂ ದೋಣಿ ತಂದು ನಿಲ್ಲಿಸಿ ಬೀಗಿತು: "ನೋಡಿದೆಯಾ? ಒಂದು ಗೀರೂ ಇಲ್ಲ!"

"ದೋಣಿ ತಂದುಕೊಟ್ಟೆ, ಒಪ್ಪಿದೆ," ಎಂದಿತು ಕಂಟ್ರೋಲರ್. "ಮೊದಲ ಸಲ ಇವಳ ಅಂಗೈಯಲ್ಲಿ ಬೆವರಿತ್ತಲ್ಲ, ಅದನ್ನೂ ತಂದುಕೊಡು."

ಸೇವ್ ಫೈಲ್ ತನ್ನೊಳಗೆಲ್ಲ ತಡಕಾಡಿತು. ಅಂಬಿಗ ಸಿಕ್ಕ, ದೋಣಿ ಸಿಕ್ಕಿತು, ಅರ್ಧ ಸೇದಿದ ಬೀಡಿಯೂ ಸಿಕ್ಕಿತು. ಬೆವರು ಮಾತ್ರ ಸಿಗಲಿಲ್ಲ.