ಗ್ರೀಸು ಸವರಿದ ರಿಂಗು

“ಹೆದ್ರಿಕೆ ಏನಿಲ್ಲ ಉಸ್ತಾದ್. ನಂಗ್ಯಾಕೆ ಹೆದ್ರಿಕೆ?” ಅಂದ ಮಾದೇಶ.

ಹೆದ್ರಿಕೆಯಾ ಅಂತ ಅವನನ್ನು ಯಾರೂ ಕೇಳಿರಲಿಲ್ಲ. ಮೌಲಾಲಿ ಉಸ್ತಾದರು ಗ್ಯಾರೇಜಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಟೀಗೆ ಬಿಸ್ಕೆಟ್ ಅದ್ದುತ್ತಿದ್ದರು. ಅರ್ಧ ಬಿಸ್ಕೆಟ್ ಮುರಿದು ಲೋಟದೊಳಗೆ ಬಿತ್ತು. ಸದ್ಯಕ್ಕೆ ಅವರಿಗಿದ್ದ ಚಿಂತೆ ಅದೊಂದೇ.

“ಬ್ರೇಕ್ ಕ್ಯಾಲಿಪರ್ ಎರಡೂ ಬಿಚ್ಚಿ ತುಕ್ಕು ತೆಗ್ದಿದೀನಿ. ಪಿಸ್ಟನ್ ಫಳಫಳ ಅಂತಿದಾವೆ. ರಬ್ಬರ್ ರಿಂಗ್ ಎಲ್ಲಾ ಹೊಸದು. ಅಂಗಳದಲ್ಲಿ ಓಡ್ಸಿ ನೋಡ್ದೆ, ಕಾಲಿಟ್ರೆ ಸಾಕು, ಗಕ್ಕಂತ ನಿಲ್ತು. ಇನ್ನೇನು ಬೇಕು?”

ಉಸ್ತಾದರು ಚಮಚ ತಗೊಂಡು ಬಿಸ್ಕೆಟ್ ಹುಡುಕಿದರು.

ಕಾರು ವಸುಂಧರಾ ಡಾಕ್ಟರಮ್ಮಂದು. ಅವರಪ್ಪನ ಕಾಲದ್ದು, ಮಾದೇಶನಿಗಿಂತ ವಯಸ್ಸಾದದ್ದು. ಡಾಕ್ಟರಮ್ಮ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಇಲ್ಲಿಂದ ನೇರ ದಿಂಬಂ ಘಾಟ್ ಇಳಿದು ಮದುವೆಗೆ ಹೋಗಬೇಕು.

ಮಾದೇಶನ ಹೊಟ್ಟೆಯಲ್ಲಿ ಕೂತಿದ್ದು ಎಡಗಡೆಯ ಒಂದು ರಿಂಗು. ಜೋಡಿಸುವಾಗ ಪಿಸ್ಟನ್ ಅದರೊಳಗೆ ಹೋಗಲ್ಲ ಅಂತ ಹಟ ಹಿಡಿದಿತ್ತು. ರಿಂಗಿಗೆ ಬ್ರೇಕ್ ಆಯಿಲ್ ಮಾತ್ರ ಸವರಬೇಕು. ಆಯಿಲ್ ಡಬ್ಬ ಆ ತುದಿಯಲ್ಲಿತ್ತು, ಗ್ರೀಸ್ ಡಬ್ಬ ಕಾಲ ಬುಡದಲ್ಲೇ ಇತ್ತು. ಒಂದು ಬೆರಳು ಗ್ರೀಸು ಸವರಿದ. ಪಿಸ್ಟನ್ ಜಾರಿ ಒಳಗೆ ಕೂತಿತು. ಗ್ರೀಸು ಕುಡಿದ ರಬ್ಬರ್ ಊದಿಕೊಳ್ಳುತ್ತೆ, ಪಿಸ್ಟನ್ ಕಚ್ಚಿಕೊಳ್ಳುತ್ತೆ, ಇಲ್ಲಾ ಆಯಿಲ್ ಕಾರುತ್ತೆ. ಅಂಗಳದಲ್ಲಿ ಗೊತ್ತಾಗಲ್ಲ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಗೊತ್ತಾಗುತ್ತೆ. ಇದು ಗ್ಯಾರೇಜಿನ ಬೆಕ್ಕಿಗೂ ತಿಳಿದ ವಿಷಯ. ಅದಕ್ಕೇ ಮಾದೇಶ ಯಾರಿಗೂ ಹೇಳಿರಲಿಲ್ಲ.

“ಮಾದೇಶ, ಆಯ್ತೇನಪ್ಪ?” ಹೊರಗಿನಿಂದ ಡಾಕ್ಟರಮ್ಮ ಕೂಗಿದರು.

“ಎರಡೇ ನಿಮಿಷ ಮೇಡಂ!” ಅಂದ. ಉಸ್ತಾದರ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. “ಉಸ್ತಾದ್, ಕೆಲಸ ಮುಗಿದ್ಮೇಲೂ ಹೊಟ್ಟೇಲಿ ಒಂಥರಾ ಸಂಕಟ ಆಗ್ತಿದ್ರೆ, ಅದನ್ನ ಓಡ್ಸೋದು ಹೆಂಗೆ? ಸುಮ್ನೆ ಕೇಳ್ದೆ. ನಂಗಲ್ಲ.”

“ನಿಂಗಲ್ಲ ಅಂತ ಗೊತ್ತು ಕಣೋ. ಒಂದು ಕತೆ ಕೇಳು,” ಅಂದರು ಉಸ್ತಾದರು.

“ಒಬ್ಬ ಮೆಕ್ಯಾನಿಕ್ ಇದ್ದ. ಒಬ್ಬ ಸಾಹುಕಾರನ ಕಾರಿಗೆ ಬ್ರೇಕ್ ಮಾಡಿಕೊಟ್ಟ. ಕೆಲಸ ಮುಗೀತು, ಸಂಕಟ ಮುಗೀಲಿಲ್ಲ. ಯಾಕೆ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದ ಆ ಒಂದು ಕೆಲಸ ಬಿಟ್ಟು ಬೇರೆ ಎಲ್ಲಾ ಮಾಡ್ದ. ಗಾಜು ಒರೆಸ್ದ. ಟೈರಿಗೆ ಗಾಳಿ ಹಾಕ್ದ. ಕರ್ಪೂರ ಹಚ್ಚಿ ಕುಂಬಳಕಾಯಿ ಒಡೆದ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ. ಕಾರು ಒಂದಡಿ ಮುಂದೆ ಹೋಯ್ತು, ನಿಂಬೆಹಣ್ಣು ಪಚಕ್ ಅಂದ್ವು. ಸಂಕಟ ಇದ್ದಲ್ಲೇ ಇತ್ತು.

“ಸಾಹುಕಾರ ಕೇಳ್ದ, ‘ಘಾಟಲ್ಲಿ ಬ್ರೇಕ್ ಹಿಡಿಯುತ್ತೇನಯ್ಯಾ?’

“‘ಕಣ್ಮುಚ್ಕೊಂಡು ಇಳೀರಿ ಬುದ್ಧೀ.’

“‘ಹಂಗಾದ್ರೆ ನೀನೂ ಬಾ. ಮುಂದಿನ ಸೀಟು ಖಾಲಿ ಇದೆ. ಕೆಳಗೆ ಹೋದ್ಮೇಲೆ ಊಟ ಹಾಕಿಸಿ ಬಸ್ ಹತ್ತಿಸ್ತೀನಿ.’

“ಮೆಕ್ಯಾನಿಕ್‌ಗೆ ಆಗ ಎಲ್ಲಿಲ್ಲದ ಕೆಲಸ ನೆನಪಾಯ್ತು. ‘ಇಲ್ಲ ಬುದ್ಧೀ, ಪುರುಸೊತ್ತಿಲ್ಲ, ನೀವು ಹೋಗ್ಬನ್ನಿ’ ಅಂದ.”

ಉಸ್ತಾದರು ಅಷ್ಟಕ್ಕೇ ನಿಲ್ಲಿಸಿ, ತಣ್ಣಗಾಗಿದ್ದ ಟೀ ಕುಡಿದರು.

“ಆಮೇಲೆ? ಬ್ರೇಕ್ ಹಿಡೀತಾ ಇಲ್ವಾ ಉಸ್ತಾದ್?”

“ಅದು ನಂಗೆ ಗೊತ್ತಿಲ್ಲ. ಅವನು ಬೇಡ ಅಂದ ಸೀಟಲ್ಲಿ ಸಾಹುಕಾರ ತನ್ನ ಮಗಳನ್ನ ಕೂರಿಸ್ದ.”

ಮುಂದಿನ ಸೀಟು ನಂಗೆ, ನಂಗೆ ಅಂತ ಹೊರಗೆ ಡಾಕ್ಟರಮ್ಮನ ಮಕ್ಕಳು ಕಿತ್ತಾಡುತ್ತಿದ್ದರು. ಮಾದೇಶ ಎದ್ದು ಎಡಗಡೆಯ ಚಕ್ರದ ಹತ್ತಿರ ಬಗ್ಗಿ, ಕ್ಯಾಲಿಪರಿಗೆ ಆಯಿಲ್ ಹೋಗುವ ಪೈಪನ್ನು ಸ್ಪ್ಯಾನರ್ ಹಾಕಿ ಬಿಚ್ಚಿದ. ಹೊಸ ಆಯಿಲ್ ನೆಲದ ಮೇಲೆ ಹರಿಯಿತು. ಇನ್ನು ಈ ಕಾರು ಇವತ್ತು ಎಲ್ಲಿಗೂ ಹೋಗಲ್ಲ. ಕೈ ಪ್ಯಾಂಟಿಗೆ ಒರೆಸಿಕೊಂಡು ಡಾಕ್ಟರಮ್ಮನಿಗೆ ಗ್ರೀಸಿನ ವಿಷಯ ಹೇಳೋದಕ್ಕೆ ಹೊರಗೆ ಹೋದ, ಬಾಗಿಲು ಎಳೆದುಕೊಂಡ.