ಹತ್ತಕ್ಕೆ ಏಳು

"ಗುರುಗಳೇ, ಪ್ರೀತಿ ಮನಸ್ಸಿನಲ್ಲಿದ್ದರೆ ಸಾಲದೇ? ಅದನ್ನು ಬಾಯಿ ಬಿಟ್ಟು ಹೇಳಲೇಬೇಕೇ?" ಎಂದು ತಿಪ್ಪೇಶ ಕೇಳಿದ.

ಪಂಡಿತ ಮರುಳಯ್ಯನವರು ದ್ರಾಕ್ಷಾರಿಷ್ಟ ಎಂಬ ದ್ರಾಕ್ಷಿಯ ಔಷಧವನ್ನು ಬಟ್ಟೆಯಲ್ಲಿ ಸೋಸುತ್ತಿದ್ದರು. ತಿಪ್ಪೇಶ ಅವರ ಬಳಿ ನಾಲ್ಕು ವರ್ಷದಿಂದ ವೈದ್ಯ ಕಲಿಯುತ್ತಿದ್ದ. ಅವನ ಹೆಂಡತಿ ತವರಿಗೆ ಹೋಗಿ ಎಂಟು ದಿನವಾಗಿತ್ತು. ಹೋಗುವ ಮುಂಚೆ, ನಾನು ನಿಮಗೆ ಬೇಕೋ ಬೇಡವೋ ಒಂದು ಮಾತು ಹೇಳಿ ಎಂದಿದ್ದಳು. ಅದನ್ನೂ ಹೇಳಬೇಕೇ ಎಂದು ಇವನು ಸುಮ್ಮನಿದ್ದ.

"ಔಷಧದ ಪ್ರಶ್ನೆ ಕೇಳುತ್ತೀಯ ಅಂದುಕೊಂಡೆ" ಎಂದರು ಪಂಡಿತರು. "ಆಗಲಿ, ಬಟ್ಟೆಯ ಆ ತುದಿ ಹಿಡಿ. ಒಂದು ಕತೆ ಹೇಳುತ್ತೇನೆ. ವೈನಿನ ಕತೆ. ಹಾಗೆ ಕಣ್ಣು ಕಣ್ಣು ಬಿಡಬೇಡ, ಕೇಳಿದರೆ ಅಮಲೇರುವುದಿಲ್ಲ."

ಒಬ್ಬ ಕನ್ನಡ ಮೇಷ್ಟ್ರಿದ್ದರು. ಮೈಸೂರು ಕಡೆಯವರು, ಕೆಲಸದ ಮೇಲೆ ನಮ್ಮ ಈ ನಡುಸೀಮೆಗೆ ಬಂದು ನೆಲೆಸಿದವರು. ತಂಗಿಯರ ಮದುವೆ, ತಾಯಿಯ ಕಾಯಿಲೆ ಎಂದು ವರ್ಷ ದೂಡಿ ದೂಡಿ, ಮದುವೆಯ ಹೊತ್ತಿಗೆ ಅವರಿಗೆ ಐವತ್ಮೂರು ತುಂಬಿತು. ಹೆಣ್ಣಿಗೆ ನಲವತ್ತೈದು. ಮಹಾನಂದಾ ಎಂದು ಹೆಸರು, ವಿಜಯಪುರದ ಕಡೆಯವಳು, ಮೇಷ್ಟ್ರಿದ್ದ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳದೂ ಅದೇ ಕತೆ. ತಮ್ಮಂದಿರನ್ನು ಓದಿಸುವುದರಲ್ಲಿ ಇವಳ ಕಾಲ ಕಳೆದುಹೋಗಿತ್ತು. ಹೆಡ್ಮಾಸ್ತರ ಹೆಂಡತಿ ನಡುವೆ ನಿಂತು ಮದುವೆ ಮಾಡಿಸಿದಳು. ಊರವರು ನಾಲ್ಕು ದಿನ ನಕ್ಕರು, ಐದನೆಯ ದಿನ ಮರೆತರು.

ಮೇಷ್ಟ್ರು ಒಳ್ಳೆಯವರು. ಆದರೆ ಮಾತು ಬೆಳ್ಳಿ, ಮೌನ ಬಂಗಾರ ಎಂದು ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಬರೆಸಿ ಬರೆಸಿ ತಾವೂ ಅದನ್ನು ನಂಬಿಬಿಟ್ಟಿದ್ದರು. ಅವರ ಬಾಯಲ್ಲಿ ಹೊಗಳಿಕೆಗೆ ಒಂದೇ ಮಾತಿತ್ತು. 'ಪರವಾಗಿಲ್ಲ.' ಅದು ಅವರ ಮನೆತನದ ಮಾತು. ಅವರ ತಂದೆ ಹಬ್ಬದೂಟ ಮುಗಿಸಿ, ಕೈ ತೊಳೆದು, ಪರವಾಗಿಲ್ಲ ಎಂದರೆ ತಾಯಿ ಎಂಟು ದಿನ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಆ ಮನೆಯಲ್ಲಿ ಅದಕ್ಕಿಂತ ಮೇಲಿನ ಮಾತು ಇರಲೇ ಇಲ್ಲ. ಮಹಾನಂದಾಳ ಸೀಮೆಯಲ್ಲಿ ಹಾಗಲ್ಲ. ಅಲ್ಲಿ ಚಂದವಿದ್ದರೆ ಭಾರಿ ಅದ ಅನ್ನುತ್ತಾರೆ, ಛಲೋ ಅದ ಅನ್ನುತ್ತಾರೆ, ಊರಿಗೆಲ್ಲ ಕೇಳುವ ಹಾಗೆ ಅನ್ನುತ್ತಾರೆ. ಪರವಾಗಿಲ್ಲ ಬಿಡ್ರಿ ಎನ್ನುವುದು ಬಸ್ಸಿನಲ್ಲಿ ಕಾಲು ತುಳಿದವರಿಗೆ, ಅನ್ನ ಸೀಯಿಸಿದ ಸೊಸೆಗೆ. ಇಬ್ಬರಿಗೂ ಇದು ಹೊಳೆಯಲಿಲ್ಲ. ಎರಡೂ ಕನ್ನಡವೇ ತಾನೇ, ಅರ್ಥ ಕೇಳಬೇಕು ಎಂದು ಯಾರಿಗೆ ತೋಚುತ್ತದೆ?

ಮದುವೆಯಾದ ವರ್ಷ ಕ್ರಿಸ್‌ಮಸ್ಸಿಗೆ ಅವಳ ಜೊತೆಯ ನರ್ಸೊಬ್ಬಳು ಇಬ್ಬರನ್ನೂ ಊಟಕ್ಕೆ ಕರೆದಳು. ಕೆಂಪು ವೈನು ಒಂದೊಂದು ಲೋಟ ಕೊಟ್ಟಳು. ಅದುವರೆಗೆ ಇಬ್ಬರೂ ಮುಟ್ಟಿದವರಲ್ಲ. ಮೇಷ್ಟ್ರು ಒಂದು ಗುಟುಕು ಕುಡಿದರು, ಲೋಟ ನೋಡಿದರು, ಇನ್ನೊಂದು ಗುಟುಕು ಕುಡಿದರು. ಅವರು ಸೋತದ್ದು ಅಮಲಿಗಲ್ಲ, ರುಚಿಗೆ. ದಾರಿಯಲ್ಲಿ ಬರುತ್ತ, ಇದರಲ್ಲಿ ಬೇರೆ ಬೇರೆ ತರಹ ಇರುತ್ತವೆಯಂತೆ ಎಂದರು. ಮೇಷ್ಟ್ರು ತಾವಾಗಿ ಒಂದು ಆಸೆ ಹೇಳಿದ್ದು ಅದೇ ಮೊದಲು. ಮಹಾನಂದಾಳಿಗೆ ಅಷ್ಟೇ ಸಾಕಾಯಿತು.

ತರುವವರು ಯಾರು? ಮೇಷ್ಟ್ರು ವೈನ್ ಅಂಗಡಿಯ ಮುಂದೆ ನಿಂತರೆ ಮಾರನೆಯ ದಿನ ಶಾಲೆಯ ಗೋಡೆಯ ಮೇಲೆ ಪದ್ಯ ಇರುತ್ತಿತ್ತು. "ನಾ ತರ್ತೀನ್ರಿ" ಎಂದಳು ಮಹಾನಂದಾ. "ಈ ಊರಿನ ಅರ್ಧ ಗಂಡಸರಿಗೆ ಸೂಜಿ ಚುಚ್ಚೀನಿ. ನನ್ನ ನೋಡಿ ಅವರೇ ನಾಚ್ಕೋಬೇಕು." ಹೋದಳು, ಅಗ್ಗದ್ದೊಂದು ಬಾಟಲಿ ಆರಿಸಿದಳು, ಚೀಲದಲ್ಲಿ ಮೆಂತ್ಯದ ಸೊಪ್ಪಿನ ಕೆಳಗಿಟ್ಟುಕೊಂಡು ತಂದಳು.

ಅಂದಿನಿಂದ ಭಾನುವಾರ ಸಂಜೆ ನಾಲ್ಕಕ್ಕೆ ಕಿಟಕಿಯ ಪರದೆ ಎಳೆದು ಇಬ್ಬರೂ ಕೂರುವುದು ರೂಢಿಯಾಯಿತು. ಮೇಷ್ಟ್ರು ಪರೀಕ್ಷೆಯ ಮೌಲ್ಯಮಾಪನದಲ್ಲಿ ಪಳಗಿದ ಕೈ. ಉತ್ತರಪತ್ರಿಕೆಯ ನಂಬರು ಮುಚ್ಚುವ ಹಾಗೆ ಬಾಟಲಿಯ ಹೆಸರು ಮುಚ್ಚಬೇಕು ಎಂದರು. ಅವಳು ಅವರದೇ ಒಗೆದ ಕಾಲುಚೀಲ ತಂದು ಬಾಟಲಿಗೆ ತೊಡಿಸಿದಳು. ಸ್ಟೀಲ್ ಲೋಟಕ್ಕೆ ಸುರಿದಾಗ, ಬಣ್ಣ ಕಾಣದಿದ್ದರೆ ಬಣ್ಣಕ್ಕೆ ಅಂಕ ಹೇಗೆ ಹಾಕಲಿ ಎಂದು ಆಕ್ಷೇಪಣೆ ತೆಗೆದರು. ಮುಂದಿನ ವಾರ ಎರಡು ಗಾಜಿನ ಲೋಟ ಬಂದವು. ಮೇಷ್ಟ್ರು ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿದರು. ಬಣ್ಣ, ವಾಸನೆ, ಹುಳಿ, ಒಗರು, ನುಂಗಿದ ಮೇಲೆ ಉಳಿಯುವ ರುಚಿ. ಕೊನೆಯಲ್ಲಿ ಒಟ್ಟು ಅಂಕ, ಹತ್ತಕ್ಕೆ.

ಮಹಾನಂದಾ ಅಂಕ ಹಾಕುತ್ತಿರಲಿಲ್ಲ. ಅವಳಿಗೆ ಮಾತು ಬರುತ್ತಿತ್ತು. "ಇದು ನೇರಳೆ ಹಣ್ಣು ತಿಂದು ನಾಲಿಗಿ ತೋರಿಸಿದಂಗ ಅದರಿ" ಎನ್ನುವಳು. "ಇದು ಜಾಲಿಕಾಯಿ ಕಡದಂಗ, ಅಬ್ಬಬ್ಬ, ಹಲ್ಲೇ ಒಣಗಿದ್ವು" ಎನ್ನುವಳು. ಮೇಷ್ಟ್ರು ಅದನ್ನು ಹಾಗೆಯೇ ಷರಾ ಎಂಬ ಕಡೆ ದುಂಡಗೆ ಬರೆದುಕೊಳ್ಳುವರು. ಅವಳು ಗುಟುಕು ತೆಗೆದುಕೊಳ್ಳುವಾಗ ಮುಖ ನೋಡುವರು. ವಾರದ ಏಳು ದಿನದಲ್ಲಿ ಮೇಷ್ಟ್ರು ಕಾಯುತ್ತಿದ್ದುದು ಆ ಒಂದು ಗಂಟೆಯನ್ನು. ಇದನ್ನೂ ಅವರು ಯಾರಿಗೂ ಹೇಳಲಿಲ್ಲ.

ಮೇಷ್ಟ್ರ ಕೈಯಲ್ಲಿ ಏಳಕ್ಕಿಂತ ಮೇಲೆ ಅಂಕ ಏಳುತ್ತಿರಲಿಲ್ಲ. ಭಾಷೆಯ ವಿಷಯಕ್ಕೆ ಪೂರ್ತಿ ಅಂಕ ಕೊಟ್ಟರೆ ಹುಡುಗ ಕೆಡುತ್ತಾನೆ ಎಂದು ಅವರ ಗುರುಗಳು ಹೇಳಿಕೊಟ್ಟಿದ್ದರು. ವೈನು ಕೆಡುವುದಕ್ಕೆ ಹುಡುಗನೇ? ಆದರೂ ಕೈಗೆ ಅಭ್ಯಾಸ. ಕೆಟ್ಟದ್ದಿದ್ದರೆ ನಾಲ್ಕು ಹಾಕಿ ಲೋಟ ದೂರ ಸರಿಸುವರು. ತೀರ ಚೆನ್ನಾಗಿದ್ದರೆ ಏಳು ಹಾಕಿ, ಕಣ್ಣು ಮುಚ್ಚಿ, ಪರವಾಗಿಲ್ಲ ಎನ್ನುವರು.

ಈ ವಾರವೂ ಇವರಿಗೆ ಹಿಡಿಸಲಿಲ್ಲ, ನನ್ನ ಮನಸ್ಸು ನೋಯಬಾರದು ಎಂದು ಹಾಗೆನ್ನುತ್ತಾರೆ ಎಂದು ಮಹಾನಂದಾ ತಿಳಿದಳು. ಮುಂದಿನ ವಾರ ಬೇರೆ ಅಂಗಡಿಗೆ ಹೋದಳು. ಆಮೇಲೆ ಬೇರೆ ಊರಿಗೆ ಹೋದಳು. ರಾತ್ರಿ ಪಾಳಿ ಮುಗಿಸಿ ಮಲಗಬೇಕಾದವಳು ಬಸ್ಸು ಹತ್ತಿ ದಾವಣಗೆರೆ ಸುತ್ತಿ ಬಂದಳು. ತವರಿಗೆ ಹೋದಾಗ ದ್ರಾಕ್ಷಿ ಬೆಳೆಯುವವರ ಮನೆಬಾಗಿಲಿಗೆ ಹೋಗಿ, ನಮ್ಮವರಿಗೆ ಮನಸ್ಸು ತುಂಬುವಂಥದ್ದು ಎಲ್ಲಿ ಸಿಗತದ ಎಂದು ವಿಚಾರಿಸಿದಳು. ಅಲ್ಲಿಂದ ತಂದ ಬಾಟಲಿ ನಿಜಕ್ಕೂ ಅಮೃತವಾಗಿತ್ತು. ಮೇಷ್ಟ್ರಿಗೆ ಎದೆ ತುಂಬಿತು. ಒಂದು ಸಲ ಹೇಳಿದರೆ ಕಡಿಮೆಯಾದೀತು ಎಂದು ಎರಡು ಸಲ ಹೇಳಿದರು. "ಪರವಾಗಿಲ್ಲ. ಪರವಾಗಿಲ್ಲ."

ಅವಳು ತಲೆಯಾಡಿಸಿ ಲೋಟ ಎತ್ತಿಟ್ಟಳು.

ಹೀಗೆ ಮೂರು ವರ್ಷ ನಡೆಯಿತು. ಒಂದು ಭಾನುವಾರ ಮಹಾನಂದಾ ಅರ್ಧ ಲೋಟ ಹೆಚ್ಚೇ ಕುಡಿದಳು. ಧೈರ್ಯ ಬೇಕಾಗಿತ್ತು, ಪಾಪ. ನೆಲ ನೋಡುತ್ತ ಕೇಳಿದಳು. "ಏನ್ರಿ, ನನ್ನ ಮದುವಿ ಮಾಡ್ಕೊಂಡಿದ್ದು... ನಿಮಗ ಹೆಂಗ ಅನಸ್ತದ?"

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಈ ವಯಸ್ಸಿನಲ್ಲಿ ನನ್ನ ಬಾಳಿಗೆ ಇಂಥ ಭಾಗ್ಯ ಬಂತಲ್ಲ ಎಂದು ದಿನವೂ ಬೆಳಿಗ್ಗೆ ಅವಳ ಚಪ್ಪಲಿ ಬಾಗಿಲಲ್ಲಿ ಕಂಡಾಗ ಅಂದುಕೊಳ್ಳುತ್ತಿದ್ದ ಮನುಷ್ಯ ಅವರು. ತಮಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಮಾತನ್ನೇ ಆರಿಸಿಕೊಂಡರು. "ಪರವಾಗಿಲ್ಲ" ಎಂದರು. ಕಣ್ಣಲ್ಲಿ ನೀರು ಬಂದದ್ದು ಕಾಣಬಾರದೆಂದು ನೋಟ್‌ಬುಕ್ಕಿನ ಮೇಲೆ ಬಾಗಿದರು.

ಮಹಾನಂದಾ ಎದ್ದು ಬಚ್ಚಲಿಗೆ ಹೋದಳು. ಎರಡು ಲೋಟ ತೊಳೆಯುವುದಕ್ಕೆ ಬಹಳ ಹೊತ್ತು ನೀರು ಬಿಟ್ಟಳು. ಗಾಜಲ್ಲವೇ, ಜೋಪಾನ ಮಾಡುತ್ತಿದ್ದಾಳೆ ಎಂದುಕೊಂಡರು ಮೇಷ್ಟ್ರು.

ಮಾರನೆಯ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಊರವರ ನೋವನ್ನೆಲ್ಲ ವಿಚಾರಿಸುತ್ತಿದ್ದವಳು ತನ್ನ ನೋವನ್ನು ನುಂಗಿಕೊಂಡು ತಿರುಗಿದ್ದಳು. ಕೈಮೀರಿತ್ತು. ತಾನು ದುಡಿದ ವಾರ್ಡಿನಲ್ಲೇ ಹಾಸಿಗೆ ಹಿಡಿದಳು. ಮೇಷ್ಟ್ರು ರಜೆ ಹಾಕಿ ಪಕ್ಕದ ಸ್ಟೂಲಿನ ಮೇಲೆ ಕೂತರು. ಎರಡು ತಿಂಗಳು ಕೂತರು. ಗಂಜಿ ಕುಡಿಸಿದರು, ತಲೆ ಬಾಚಿದರು, ಕಾಲು ಒತ್ತಿದರು. ಎಲ್ಲ ಮಾಡಿದರು, ಮಾತೊಂದು ಬಿಟ್ಟು.

ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅವಳಿಗೆ ಸ್ವಲ್ಪ ಗೆಲುವಾಯಿತು. ಅವರ ಕೈ ಹಿಡಿದುಕೊಂಡಳು.

"ಎಷ್ಟ ಅಂಗಡಿ ತಿರಗಿದೆರಿ ನಾ" ಎಂದಳು. "ನಿಮಗ ಛಲೋ ಅನ್ನಿಸೂವಂಥದ್ದು ಒಂದೂ ತರಾಕ ಆಗಲಿಲ್ಲ. ನಾನೂ ಹಂಗೇ ಆದೆ. ನಿಮಗ ಮನಸ್ಸು ತುಂಬಲಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ."

ಮೇಷ್ಟ್ರ ಎದೆ ಒಡೆದು ಹೋಯಿತು. ಇದೇನು ಹೇಳುತ್ತಿದ್ದಾಳೆ ಇವಳು? ನೀನು ತಂದದ್ದೆಲ್ಲ ಚೆನ್ನಾಗಿತ್ತು, ನಿನ್ನಂಥವಳು ಈ ಲೋಕದಲ್ಲೇ ಇಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ಮೂವತ್ತು ವರ್ಷ ಕನ್ನಡ ಕಲಿಸಿದ ಬಾಯಿ ಅದು. ಅಲಂಕಾರ ಗೊತ್ತಿತ್ತು, ಛಂದಸ್ಸು ಗೊತ್ತಿತ್ತು, ಹೊಗಳುವುದಕ್ಕೆ ನೂರು ಪದ ಹಲಗೆಯ ಮೇಲೆ ಬರೆದದ್ದಿತ್ತು. ಗಂಟಲಿನಿಂದ ಒಂದೇ ಮಾತು, ಆ ಹಳೆಯ ಮಾತು, ಹೊರಬಿತ್ತು.

"ಪರವಾಗಿಲ್ಲ."

ಮಹಾನಂದಾ ನಕ್ಕಳು. ಅವರ ಕೈಯನ್ನು ಎರಡು ಸಲ ಮೆಲ್ಲಗೆ ತಟ್ಟಿದಳು.

"ದೊಡ್ಡ ಮನಸ್ಸು ನಿಮ್ಮದು" ಎಂದು ಹೇಳಿ ಕಣ್ಣು ಮುಚ್ಚಿದಳು.

ಕ್ಷಮಿಸಿದವರಿಗೆ ಹೇಳುವ ಮಾತಲ್ಲವೇ ಅದು? ಮೇಷ್ಟ್ರಿಗೆ ಆಗ ಗೊತ್ತಾಯಿತು. ಮೂರು ವರ್ಷದ ಭಾನುವಾರಗಳೆಲ್ಲ ಒಟ್ಟಿಗೆ ಗೊತ್ತಾದವು, ಲೋಟ ತೊಳೆದ ಆ ನೀರಿನ ಸದ್ದು ಕೂಡ. "ಮಹಾನಂದಾ, ಹಾಗಲ್ಲ, ಹಾಗಲ್ಲ ಕಣೇ" ಎಂದು ಕೂಗಿದರು. ಭುಜ ಹಿಡಿದು ಅಲುಗಿಸಿದರು. ಅವಳಿಗೆ ಬೆಳಿಗ್ಗೆಯೇ ನೋವಿನ ಸೂಜಿ ಹಾಕಿದ್ದರು, ಅದು ಈಗ ಏರಿತ್ತು. ಮೇಷ್ಟ್ರು ಅವಳ ಕಿವಿಗೆ ಬಾಯಿಟ್ಟು ಹೇಳತೊಡಗಿದರು. ಚೆನ್ನಾಗಿತ್ತು ಎಂದರು. ಬಹಳ ಚೆನ್ನಾಗಿತ್ತು ಎಂದರು. ಛಲೋ ಇತ್ತು, ಭಾರಿ ಇತ್ತು ಎಂದು ಅವಳ ಕನ್ನಡದಲ್ಲೇ ಹೇಳಿದರು. ಅಕ್ಕಪಕ್ಕದ ಹಾಸಿಗೆಯವರು ಎದ್ದು ಕೂತು ನೋಡಿದರು. ಅವಳ ಜೊತೆಯ ನರ್ಸು ಬಂದು, "ಈಗ ಅವಳಿಗೆ ಕೇಳಿಸೋದಿಲ್ಲ, ಸಾರ್" ಎಂದಳು. ಮೇಷ್ಟ್ರು ನಿಲ್ಲಿಸಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವಳ ಉಸಿರು ನಿಂತಿತು. ಅವರು ಆಗಲೂ ಹೇಳುತ್ತಿದ್ದರು.

ಪಂಡಿತರು ಸೋಸುವ ಬಟ್ಟೆ ಹಿಂಡಿ ಪಕ್ಕಕ್ಕಿಟ್ಟರು.

"ತಿಂಗಳಾದ ಮೇಲೆ ಮೇಷ್ಟ್ರು ನನ್ನ ಹತ್ತಿರ ಬಂದರು. ಏನು ತಿಂದರೂ ರುಚಿ ಹತ್ತುವುದಿಲ್ಲ, ಔಷಧ ಕೊಡಿ ಎಂದರು. ನಾಡಿ ಹಿಡಿದು ಕೂತೆ. ಇದಿಷ್ಟನ್ನೂ ಹೇಳಿ ಅತ್ತರು. ಕೊಡುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ. ಅವರ ಜೊತೆ ನಾನೂ ಅತ್ತೆ, ಅಷ್ಟೇ."

ಆದರೂ ತಿಪ್ಪೇಶನ ಮೊಂಡು ಬಿಡಲಿಲ್ಲ.

"ಏನೇ ಆಗಲಿ ಗುರುಗಳೇ, ಮೇಷ್ಟ್ರ ಮನಸ್ಸಿನಲ್ಲಿ ಪ್ರೀತಿ ಇತ್ತಲ್ಲ?" ಎಂದ.

ಪಂಡಿತರು ಅವನ ಮುಖ ನೋಡಿದರು.

"ಇತ್ತಪ್ಪ. ಇನ್ನೂ ಅಲ್ಲೇ ಇದೆ."