ಟೋಪಿಯ ಗುಣ ಬಲ್ಲ ಪತಂಗ

ಹಳೆಯ ಸಾಮಾನಿನ ಅಂಗಡಿಯ ಕಪಾಟಿನಲ್ಲಿ ಮೊಲದ ರೋಮದ ಫೆಲ್ಟ್ ಟೋಪಿಯೊಂದು ಒಂಬತ್ತು ವರ್ಷದಿಂದ ಒಂದು ತಲೆಗಾಗಿ ಕಾಯುತ್ತಿತ್ತು. ಬಂದವರು ತಲೆಗಿಟ್ಟು ಕನ್ನಡಿ ನೋಡಿ ನಗುತ್ತಿದ್ದರು. ಯಾವುದರಿಂದ ಮಾಡಿದ್ದೆಂದು ಕೇಳಿದವರಿಲ್ಲ. ಜೊತೆಗಿದ್ದದ್ದು ಹುಳ ಬಾರದಂತೆ ಒಳಗಿಟ್ಟ ನುಸಿಗುಳಿಗೆಯೊಂದು ಮಾತ್ರ. ಅದಕ್ಕೋ ಮಾತೇ ಕಡಿಮೆ.

ಒಂದು ದಿನ ಹೆಣ್ಣು ಪತಂಗವೊಂದು ಕಪಾಟಿನ ಅಂಚಿನಲ್ಲಿ ಕೂತಿತು.

“ರಾಯರೇ, ತಾವು ಅಪ್ಪಟ ಮೊಲದ ರೋಮ. ಪಕ್ಕದವರು ಪಾಲಿಯೆಸ್ಟರ್, ಅವರ ಕಡೆ ನಾವು ತಿರುಗಿಯೂ ನೋಡುವುದಿಲ್ಲ.”

ಟೋಪಿ ಅವಳತ್ತ ಬಾಗಿತು. “ಹೇಗೆ ಗೊತ್ತಾಯಿತು, ತಾಯೀ?”

“ನಮ್ಮ ವಂಶದ ವಿದ್ಯೆ. ಹತ್ತಿರ ಬಂದು ಹೇಳೋಣವೆಂದರೆ ಒಳಗಿನವರ ವಾಸನೆ ತಡೆಯಲಾಗದು.”

“ಅವಳ ಹೊಟ್ಟೆ ತುಂಬ ಮೊಟ್ಟೆಯಿದೆ,” ಎಂದಿತು ನುಸಿಗುಳಿಗೆ. “ಹುಟ್ಟುವ ಮರಿಗಳಿಗೆ ರೋಮವೇ ಅನ್ನ.”

“ಒಂಬತ್ತು ವರ್ಷದಲ್ಲಿ ನನ್ನ ಬಗ್ಗೆ ಒಂದಾದರೂ ಒಳ್ಳೆಯ ಮಾತಾಡಿದ್ದೀಯಾ ನೀನು?” ಎಂದು ಟೋಪಿ ಓರೆಯಾಗಿ ವಾಲಿ ಗುಳಿಗೆಯನ್ನು ನೆಲಕ್ಕುರುಳಿಸಿತು. ಪತಂಗ ಅಂದೇ ಒಳಗೆ ಬಂದು ಮೊಟ್ಟೆಯಿಟ್ಟಿತು.

ಕೆಲವು ತಿಂಗಳ ಮೇಲೆ ಪುಟ್ಟಾಜಿರಾವ್ ಎಂಬ ಮುದಿ ದರ್ಜಿ ಬಂದ. ಒಳಗಿನ ಚರ್ಮದ ಪಟ್ಟಿ ಮಗುಚಿದ, ಅಂಚನ್ನು ಬೆರಳಲ್ಲಿ ಬಾಗಿಸಿದ, ತಲೆಗಿಟ್ಟ. ಅಳತೆ ಕೊಟ್ಟು ಮಾಡಿಸಿದಂತೆ ಟೋಪಿ ಕಿವಿಗೆ ಒಂದು ಬೆರಳು ಮೇಲೆ ಕೂತಿತು. ಆಮೇಲೆ ಅದನ್ನು ಬೆಳಕಿಗೆ ಹಿಡಿದ. ತೂತುಗಳಲ್ಲಿ ಬೀದಿಯೆಲ್ಲ ಕಾಣಿಸಿತು.

“ಛೆ, ಎಂಥಾ ಮಾಲು ಹಾಳಾಯ್ತಲ್ಲಯ್ಯ,” ಎಂದು ಅಂಗಡಿಯವನಿಗೆ ಹೇಳಿ, ಪಕ್ಕದ ಪಾಲಿಯೆಸ್ಟರ್ ಟೋಪಿ ಕೊಂಡು ಹಾಕಿಕೊಂಡು ಹೊರಟ.

ಕೊನೆಗೂ ಒಬ್ಬ ಮನುಷ್ಯ ತನ್ನನ್ನು ಗುರುತಿಸಿದನೆಂದು ಯಾರಿಗಾದರೂ ಹೇಳಬೇಕೆನಿಸಿ ಟೋಪಿ ಸುತ್ತ ನೋಡಿತು. ಪತಂಗದ ಮಕ್ಕಳಿಗೆ ರೆಕ್ಕೆ ಬಂದಿತ್ತು. ಅವು ಎದುರಿನ ಉಣ್ಣೆ ಕೋಟಿನ ಗುಣಗಾನದಲ್ಲಿದ್ದವು.